ಖೂನಿ ಮಾಡಿದಾವ ಹೆಂಡತಿ ತಮ್ಮ

ಸಂಜೆಯ ಲಿಂಗಪೂಜೆ ತಪ್ಪಬಾರದೆಂದು ಮೂಡಲಗಿಯ ದರ್ಜಿ ರಾಚಪ್ಪ ಗೋಕಾಕದ ಟಾಕೀಜಿನಿಂದ, ಸಿನಿಮಾ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿರುವಾಗಲೇ ಎದ್ದು ಬಂದ. ದೇವರ ಕೆಲಸಕ್ಕೆ ಎದ್ದವನಿಗೆ ಕೇಡಾಗದು ಎಂದು ಅವನ ನಂಬಿಕೆ. ಬಾಗಿಲಲ್ಲಿ ಲಖನ ಮೈಕು ಹಿಡಿದು ನಿಂತಿದ್ದ. ಊರ ಸುದ್ದಿಯನ್ನು ಮೊಬೈಲಿನಲ್ಲಿ ಬಿಡುವುದೇ ಅವನ ಉದ್ಯೋಗ. ಇಷ್ಟೊಂದು ಪ್ರಶಸ್ತಿ ಬಂದ ಖೂನಿ ಸಿನಿಮಾ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದ.

ನಲವತ್ತು ವರ್ಷ ಮಠದ ಮೂಲೆಯಲ್ಲಿ ಕೂತು ಪುರಾಣ ಕೇಳಿದ ರಾಚಪ್ಪನನ್ನು ಅಲ್ಲಿಯವರೆಗೆ ಯಾರೂ ಅಭಿಪ್ರಾಯ ಕೇಳಿರಲಿಲ್ಲ. ಕಾಲುವೆಯ ತೂಬು ತೆಗೆದಂತಾಯಿತು. ನಟನೆ ಚಲೋ, ಕತ್ತಲೆ ಜಾಸ್ತಿ, ಹಾಡು ಸಾಲದು ಎಂದೆಲ್ಲ ಹೇಳಿ ಕಡೆಗೆ, "ಖೂನಿ ಮಾಡಿದಾವ ಹೆಂಡತಿ ತಮ್ಮ. ನನಗ ಮೊದಲ ಗೊತ್ತಾಗಿತ್ತು. ಹೆಂಡತಿ ತಮ್ಮನ್ನ ಮನಿಯೊಳಗ ಬಿಟ್ಕೊಂಡ್ರ ಹಿಂಗ ಆಗತೈತಿ" ಎಂದ.

ಲಖನ ಉಳಿದದ್ದನ್ನೆಲ್ಲ ಕತ್ತರಿಸಿ ಕೊನೆಯ ಮಾತನ್ನಷ್ಟೇ ಬಿಟ್ಟ. ಅಷ್ಟು ಚೊಕ್ಕ ಕತ್ತರಿ ರಾಚಪ್ಪನ ಕೈಯಲ್ಲೂ ಇರಲಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಅದು ಮಸಗುಪ್ಪಿ ಮುಟ್ಟಿತ್ತು. ಮಸಗುಪ್ಪಿಯಲ್ಲಿ ಇದ್ದವನು ರಾಚಪ್ಪನ ಹೆಂಡತಿ ಶೋಭಾಳ ಖಾಸಾ ತಮ್ಮ, ಸೋಮಶೇಖರ. ಅವನ ಮಗ ಅಭಿಷೇಕನಿಗೂ ರಾಚಪ್ಪನ ಮಗಳು ಶೈಲಾಳಿಗೂ ಅಂದೇ ಸಂಜೆ ಸಕ್ಕರೆ ಹಂಚಿ ಮದುವೆಯ ಮಾತು ಗಟ್ಟಿ ಮಾಡುವುದಿತ್ತು. ಸೋಮಶೇಖರ ಫೋನು ಬಂದ್ ಮಾಡಿದ್ದ. ಶೋಭಾ ಮಾತು ಬಂದ್ ಮಾಡಿದ್ದಳು. ಶೈಲಾ ಹೊಸ ಸೀರೆಯನ್ನು ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಅದನ್ನು ನೋಡಲಾಗದೆ ರಾಚಪ್ಪ ಹೊರಗೆ ಬಂದು ಕೂತ.

ಬಾಜೂ ಮನೆಯ ಅಕ್ಕವ್ವ ಕೇಳದೆಯೇ ಉಪಾಯ ತಂದಳು. ಬಾಯಿಂದ ಕೆಟ್ಟದ್ದನ್ನು ಬಾಯಿಂದಲೇ ತೊಳೆಯಬೇಕು, ಇನ್ನೊಂದು ವಿಡಿಯೋ ಬಿಡು ಎಂದು ತನ್ನ ಫೋನು ಎತ್ತಿ ಹಿಡಿದಳು. ರಾಚಪ್ಪ ಅದಕ್ಕೆ ಕೈಮುಗಿದ.

"ನಮ್ಮ ಮಸಗುಪ್ಪಿ ಸೋಮಶೇಖರ ಖೂನಿ ಮಾಡೂವಂಥಾ ಮನಶ್ಯಾ ಅಲ್ರಿ. ಲಿಂಗ ಮುಟ್ಟಿ ಹೇಳತೀನಿ."

ಹತ್ತು ಗಂಟೆಗೆ ಮೂಡಲಗಿ ಪೇಟೆಯ ಜನ, ಸೋಮಶೇಖರ ಯಾರ ಖೂನಿ ಮಾಡಿದ್ದಾನೆ ಎಂದು ವಿಚಾರಿಸತೊಡಗಿದರು. ಹನ್ನೊಂದಕ್ಕೆ ಹೆಣ ಹುಕ್ಕೇರಿ ಕಡೆ ಸಿಕ್ಕಿತಂತೆ ಎಂಬ ಸುದ್ದಿಯೂ ಬಂತು.

ರಾಚಪ್ಪ ಹೆಂಡತಿ ಮಗಳನ್ನು ಕರೆದುಕೊಂಡು ಮಸಗುಪ್ಪಿಗೆ ಓಡಿದ. ಸೋಮಶೇಖರ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಬೆಳಗಿನಿಂದ ಮೂರು ಮಂದಿ ಬಂದು ಧೈರ್ಯ ಹೇಳಿದ್ದರು, ಅವರಲ್ಲೊಬ್ಬ ವಕೀಲರ ನಂಬರನ್ನೂ ಕೊಟ್ಟಿದ್ದ. ತಾನು ಹೇಳಿದ್ದು ಬರೀ ಸಿನಿಮಾದ ಕತೆ ಎಂದು ರಾಚಪ್ಪ ಎಷ್ಟು ಬೇಡಿಕೊಂಡರೂ ಅವನು ಕರಗಲಿಲ್ಲ. ಕಡೆಗೆ ಅಭಿಷೇಕನೇ ದಾರಿ ತೆಗೆದ.

"ಎಲ್ಲಾರೂ ಹೋಗಿ ನೋಡೂಣು, ಅಪ್ಪಾ. ಸಿನಿಮಾದಾಗ ಹೆಂಡತಿ ತಮ್ಮನೇ ಖೂನಿ ಮಾಡಿದ್ರ ಮಾಮಾಂದು ತಪ್ಪಿಲ್ಲ. ಬಂದು ಸಕ್ಕರಿ ಹಂಚೂಣು."

ಎಲ್ಲರೂ ಸೋಮಶೇಖರನ ಜೀಪು ಹತ್ತಿ ಗೋಕಾಕಕ್ಕೆ ಹೋದರು.

ಟಾಕೀಜಿನ ಕತ್ತಲಲ್ಲಿ ರಾಚಪ್ಪ, ಒಬ್ಬ ಮನುಷ್ಯ ಖೂನಿ ಮಾಡಿರಲಿ ಎಂದು ಹುಟ್ಟಿದ ಮೇಲೆ ಮೊದಲ ಸಲ ದೇವರಲ್ಲಿ ಬೇಡಿಕೊಂಡ. ದೇವರು ಕೇಳಿಸಿಕೊಂಡಂತೆಯೇ ಕಂಡಿತು. ತಮ್ಮನ ಅಂಗಿಗೆ ರಕ್ತ ಅಂಟಿತು, ಕೈಗೆ ಬೇಡಿ ಬಿತ್ತು. ಸೋಮಶೇಖರ ಪಕ್ಕಕ್ಕೆ ಬಾಗಿ, "ಖರೆ ಐತಿ ಬಿಡ್ರಿ ಭಾವಾರ, ನಾನ ದುಡಕಿದೆ" ಎಂದು ಪಿಸುಗುಟ್ಟಿದ. ಪೂಜೆಯ ಹೊತ್ತಾಗಿತ್ತು. ಬೀಗರನ್ನು ಬಿಟ್ಟು ಏಳುವುದು ಹೇಗೆ? ರಾಚಪ್ಪ ಎದೆಯ ಮೇಲಿನ ಲಿಂಗಕ್ಕೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು ಕೂತೇ ಬಿಟ್ಟ.

ಹತ್ತು ನಿಮಿಷದಲ್ಲಿ ಬೇಡಿ ಬಿಚ್ಚಿತು. ತಮ್ಮ ನಿರಪರಾಧಿ. ಖೂನಿ ಮಾಡಿ ಅವನ ಮೇಲೆ ಹಾಕಿದವನು ಅಕ್ಕನ ಗಂಡ. ಮೆತ್ತಗಿನ ಮನುಷ್ಯ, ದೈವಭಕ್ತ, ಯಾರೊಡನೆಯೂ ಹೆಚ್ಚು ಮಾತಾಡದವನು. ಮುಂದಿನ ಸರದಿ ಹೆಂಡತಿಯದಿತ್ತು, ಅಷ್ಟರಲ್ಲಿ ಪೊಲೀಸರು ಬಂದರು.

ಹೊರಗೆ ಬಂದ ಸೋಮಶೇಖರ ಬಹಳ ಹೊತ್ತು ರಾಚಪ್ಪನನ್ನೇ ನೋಡಿದ. ಆಮೇಲೆ ಜೀಪಿನ ಬಾಗಿಲು ತೆಗೆದು, "ಅಕ್ಕಾ, ನಾಕ ದಿನ ನಮ್ಮ ಮನ್ಯಾಗ ಇರು ಬಾ" ಎಂದ. ಶೋಭಾ ಗಂಡನ ಮುಖವನ್ನೊಮ್ಮೆ, ಕೈಗಳನ್ನೊಮ್ಮೆ ನೋಡಿ ಜೀಪು ಹತ್ತಿದಳು. ಶೈಲಾ ಅಪ್ಪನ ಕಡೆ ಎರಡು ಹೆಜ್ಜೆ ಬಂದಳು. ಅಭಿಷೇಕ ಕರೆದ. ಹೋದಳು.

"ಸಕ್ಕರಿ?" ರಾಚಪ್ಪ ಕೇಳಿದ.

"ಇವತ್ತ ಹಂಚತೀವ್ರಿ, ಮಾತು ತಪ್ಪೂದಿಲ್ಲ. ನಿಮ್ಮ ಪಾಲಿಂದು ಯಾರ ಕಡೇನಾರ ಕಳಸತೀನಿ. ನೀವು ಮಾತ್ರ ಬರಬ್ಯಾಡ್ರಿ ಭಾವಾರ. ಮನ್ಯಾಗ ಹೆಣ್ಣಮಕ್ಕಳು ಅಂಜತಾರ."