ನಾಲ್ಕನೇ ಭಾಗ ಯಾರಿಗೂ ಬೇಡ

ನನ್ನ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ಜಗತ್ತು ಮುಳುಗುತ್ತದೆ. ಮುಳುಗಿಸುವವರು ಮೂವರು. ಮುಳುಗಿಸಿ, ಚಹಾ ಕುಡಿದು, ಖಾಲಿ ಕಪ್ಪುಗಳನ್ನು ನನ್ನ ಪ್ರಿಂಟರಿನ ಮೇಲೆಯೇ ಇಟ್ಟು ಹೋಗುತ್ತಾರೆ.

ಬೈಲಹೊಂಗಲದ ಪೇಟೆಯಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂವರಲ್ಲಿ ಒಬ್ಬ ಎದುರಿನ ಬೀಜ-ಗೊಬ್ಬರದ ಅಂಗಡಿಯವನು. ಇನ್ನೊಬ್ಬ ಇಲ್ಲಿಯ ಕಾಲೇಜಿನ ಇತಿಹಾಸದ ಮಾಸ್ತರ. ಮತ್ತೊಬ್ಬ ಕಿತ್ತೂರಿನ ಹೈವೇ ಮೇಲೆ ಟೈರಿನ ಅಂಗಡಿ ಇಟ್ಟವನು. ಮೂವರಿಗೂ ಒಂದೇ ಹುಚ್ಚು, ಒಂದು ವಿಡಿಯೋ ಗೇಮ್. ಬಾಂಬು ಬಿದ್ದು ಜಗತ್ತೆಲ್ಲ ಸುಟ್ಟುಹೋಗಿದೆ. ನೆಲದಡಿ ಅಡಗಿದ್ದ ಜನ ಎಷ್ಟೋ ವರ್ಷಗಳ ಮೇಲೆ ಹೊರಗೆ ಬಂದು, ಹಾಳೂರುಗಳಲ್ಲಿ ಗುಜರಿ ಆರಿಸುತ್ತ, ಯಾರನ್ನು ಕೊಲ್ಲಬೇಕು, ಯಾರನ್ನು ಉಳಿಸಬೇಕು ಎಂದು ವಿಚಾರ ಮಾಡುತ್ತ ಅಲೆಯಬೇಕು. ಇಷ್ಟೇ ಆಟ. ಇದರಲ್ಲಿ ಇದುವರೆಗೆ ನಾಲ್ಕು ಭಾಗ ಬಂದಿವೆ. ಮೊದಲನೆಯದು ಬಂದಾಗ ಇವರು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರಂತೆ. ಈಗ ಹೊಟ್ಟೆ ಬಂದಿದೆ, ತಲೆ ಬೋಳಾಗುತ್ತಿದೆ, ಚರ್ಚೆ ಮಾತ್ರ ಮುಗಿದಿಲ್ಲ. ಮೊದಲ ಮೂರು ಭಾಗ ಅಮೃತ, ನಾಲ್ಕನೆಯದು ವಿಷ ಎಂಬುದರಲ್ಲಿ ಒಮ್ಮತವಿದೆ. ಅದು ಎಷ್ಟು ವಿಷ ಎಂಬುದರ ಮೇಲೆ ಜಗಳ.

ಇವರು ಏನು ಬೇಕಾದರೂ ಮಾಡಿಕೊಳ್ಳಲಿ, ನನಗೇನು? ಆದರೆ ಬೀಜದಂಗಡಿಯವನಿಗೆ ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಅವನ ತಾಯಿ ಒಂದು ದಿನ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು.

"ನೀ ಅವಂಗ ಹಿರೇ ಅಣ್ಣ ಇದ್ದಂಗ ಅದೀಪಾ. ಮೊದಲ ಕನ್ಯಾ ಸಿಗವಲ್ವು. ಬಂದ ಕನ್ಯಾನೂ ಇಂವ ಬಾಯಿಲೆ ಓಡಸ್ತಾನ. ಹೆಂಗಾರ ಮಾಡಿ ಒಂದ ಲಗ್ನಾ ಮಾಡಿಸಿಬಿಡು."

ಆಯಿತು ಎಂದೆ. ನನ್ನ ಗ್ರಹಚಾರ.

ಹಗೇವು

ನಮ್ಮ ಕಡೆ ಜೋಳ ಕೂಡಿಡಲು ನೆಲದಡಿ ತೋಡುತ್ತಿದ್ದ ಕಣಜಕ್ಕೆ ಹಗೇವು ಎನ್ನುತ್ತಾರೆ. ಆಟದಲ್ಲಿ ಜನ ಅಡಗಿಕೊಳ್ಳುವ ನೆಲಮನೆಗೆ ಏನೋ ಇಂಗ್ಲಿಷ್ ಹೆಸರಿದೆಯಂತೆ. ನಮ್ಮ ಪಂಡಿತರು ಅದನ್ನೂ ಹಗೇವು ಎಂದೇ ಕರೆದರು. ಹಾಗೆ ಕರೆದದ್ದು ತಾನೇ ಎಂದು ಮಾಸ್ತರನಿಗೆ ಅದರ ಬಗ್ಗೆ ಬಲು ಹೆಮ್ಮೆ. ಕಾಲೇಜಿನಲ್ಲಿ ಬೇರೇನೂ ಸಾಧಿಸಿದ್ದು ನಾನು ಕೇಳಿಲ್ಲ.

ಆಗ ದೊಡವಾಡದ ಒಂದು ಸಂಬಂಧ ಮಾತಿನಲ್ಲಿತ್ತು. ಹುಡುಗಿಯ ತಂದೆ ತಾನು ಯಾರೆಂದು ಹೇಳದೆ ಹುಡುಗನನ್ನು ನೋಡಿ ಹೋಗಲು ಬಂದ. ಹುಡುಗ ನನ್ನ ಅಂಗಡಿಯಲ್ಲಿದ್ದಾನೆ ಎಂದು ತಿಳಿದು, ಕೆಟ್ಟ ಚಾರ್ಜರ್ ಒಂದನ್ನು ನನ್ನ ಕೈಗೆ ಕೊಟ್ಟು ಮೂಲೆಯಲ್ಲಿ ಕೂತ. ಮುಖ ನೋಡಿಯೇ ನನಗೆ ಗೊತ್ತಾಯಿತು, ಕಣ್ಣುಸನ್ನೆಯನ್ನೂ ಮಾಡಿದೆ. ಆದರೆ ಈ ಮೂವರಿಗೆ ಜಗತ್ತು ಮುಳುಗುವಾಗ ಸನ್ನೆ ಎಲ್ಲಿ ಕಾಣಬೇಕು?

"ನಿನ್ನ ಹಗೇವಿನಾಗ ಎಷ್ಟ ಮಂದಿ ಉಳದ್ರು?" ಎಂದ ಟೈರಿನವನು.

"ಅರ್ಧಾ ಮಂದೀನೂ ಉಳಿಲಿಲ್ಲ," ಎಂದ ನಮ್ಮ ವರಮಹಾಶಯ. "ನೀರ ಕಡಿಮಿ ಬಿದ್ದೂವು. ಮುದುಕರನ್ನ ಹೊರಗ ಹಾಕಿ ಬಾಗಲಾ ಹಾಕ್ಕೊಂಡೆ."

"ತಪ್ಪ ಮಾಡಿದಿ," ಎಂದ ಮಾಸ್ತರ. "ಮುದುಕರು ಕಡಿಮಿ ಉಣ್ತಾರ. ಇಟಗೋಬೇಕಾಗಿತ್ತು. ಹೆಂಡ್ತಿ ಅಪ್ಪನ್ನೂ ಹಾಕಿದೇನು?"

"ಅವನ್ನ ಎಲ್ಲಾರಕಿಂತ ಮೊದಲ!"

ಮೂಲೆಯಲ್ಲಿದ್ದ ಹಿರಿಯ ಎದ್ದು, ಚಪ್ಪಲಿ ಮೆಟ್ಟಿ, ಸರಸರನೆ ರಸ್ತೆಗಿಳಿದ. ನಾನು ಹಿಂದೆಯೇ ಓಡಿದೆ.

"ಯಜಮಾನ್ರ, ನಿಮ್ಮ ಚಾರ್ಜರ್ ಇಲ್ಲೇ ಉಳೀತರಿ!"

"ಇರಲಿ ಬಿಡ್ರಿ," ಎಂದ ಅವನು ನಿಲ್ಲದೆ. "ಜೀವ ಉಳದ್ರ ಚಾರ್ಜರ್ ಮತ್ತ ತಗೋಬಹುದು."

ಬೆಂಕಿಪೆಟ್ಟಿಗೆ

ಮುಂದಿನ ಸಂಬಂಧ ಸವದತ್ತಿಯದು. ರವಿವಾರ ಸಂಜೆ ಕನ್ಯೆ ನೋಡಲು ಹೋಗಬೇಕಿತ್ತು. ಹೇಗೂ ಆ ಕಡೆ ಹೋಗುತ್ತೇವಲ್ಲ, ಬೆಳಿಗ್ಗೆಯೇ ಹೊರಟು ನವಿಲುತೀರ್ಥದ ಹತ್ತಿರ ಹೊಳೆದಂಡೆಯಲ್ಲಿ ಅಡುಗೆ ಮಾಡಿ ಉಂಡು, ಆಟದಲ್ಲಿ ಬದುಕಿದ ಹಾಗೆ ಒಂದು ದಿನ ಬದುಕಿ ನೋಡೋಣ ಎಂದು ಮೂವರೂ ಠರಾವು ಮಾಡಿದರು. ಮೊಬೈಲ್ ಚೀಲದಿಂದ ತೆಗೆಯಬಾರದು, ಹೋಟೆಲಿನದು ತಿನ್ನಬಾರದು. ಇವರನ್ನು ಬಿಟ್ಟರೆ ಹುಡುಗಿಯ ಮನೆ ಮುಟ್ಟುವುದಿಲ್ಲ ಎಂದು ನಾನೂ ಹೋದೆ. ಒಂದೇ ಬೈಕು ಸಾಲದೆ ಎರಡು ಬೈಕು ಮಾಡಿಕೊಂಡು ಹೋದೆವು.

ಬದನೆಕಾಯಿ ತಂದಿದ್ದರು. ಅಕ್ಕಿ ತಂದಿದ್ದರು. ಉಪ್ಪು, ಖಾರ, ಎಣ್ಣೆ, ಪಾತ್ರೆ ಎಲ್ಲ ಇತ್ತು. ಮೂರು ಕಲ್ಲು ಹೂಡಿ ಕಟ್ಟಿಗೆ ಇಟ್ಟರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಬೆಂಕಿಪೆಟ್ಟಿಗೆ ಯಾರೂ ತಂದಿರಲಿಲ್ಲ.

ಮನುಷ್ಯ ಅಂದವನು ಏನು ಮಾಡುತ್ತಾನೆ? ರಸ್ತೆಗೆ ಹೋಗಿ ಯಾರನ್ನಾದರೂ ಕೇಳುತ್ತಾನೆ. ಹಾಗೆ ಕೇಳುವುದು ನಿಯಮಕ್ಕೆ ವಿರುದ್ಧವಂತೆ. ಎರಡನೇ ಭಾಗದಲ್ಲಿ ಕೆಟ್ಟ ಗಾಡಿಯ ಪ್ಲಗ್ ತೆಗೆದು ಕಿಡಿ ಹಾರಿಸಿ ಬೆಂಕಿ ಮಾಡುತ್ತಾರೆ ಎಂದು ಟೈರಿನವನು ಹೇಳಿದ. ಎರಡರಲ್ಲಲ್ಲ, ಮೂರರಲ್ಲಿ ಎಂದ ಮಾಸ್ತರ. ಇದು ಇತ್ಯರ್ಥವಾಗಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಒಂದು ಬೈಕಿನ ಪ್ಲಗ್ ಬಿಚ್ಚಿದರು. ಕಿಡಿ ಬಂತು, ಬೆಂಕಿ ಬರಲಿಲ್ಲ. ಇನ್ನೊಂದು ಬೈಕಿನದನ್ನೂ ಬಿಚ್ಚಿದರು. ಅದು ಕೈಜಾರಿ ಸೀದಾ ಹೊಳೆಗೆ ಬಿತ್ತು. ಅದನ್ನು ಹುಡುಕುವ ಗದ್ದಲದಲ್ಲಿ ಮೊದಲನೆಯದನ್ನು ಎಲ್ಲಿಟ್ಟರೋ ಯಾರಿಗೂ ನೆನಪಿಲ್ಲ. ಟೈರಿನ ಅಂಗಡಿ ನಡೆಸುವವನು ಜೊತೆಗಿದ್ದೂ ಎರಡು ಗಾಡಿ ನಿಂತ ಜಾಗದಲ್ಲೇ ನಿಂತವು! ಇಂಥವರಿಗೆ ಜಗತ್ತು ಮುಳುಗಿದ ಮೇಲೆ ಬದುಕುವ ಮಾತು ಬೇರೆ.

ಸಂಜೆಯಾಯಿತು. ಕೊನೆಗೆ ನಿಯಮ ಮುರಿದು ಹುಡುಗಿಯ ತಂದೆಗೆ ಫೋನ್ ಹಚ್ಚಿಸಿದೆ. ನಮ್ಮ ವರ ಸುಳ್ಳು ಹೇಳುವವನಲ್ಲ, ಅದೊಂದು ಗುಣ ಅವನಲ್ಲಿದೆ, ಅದೂ ಬೇಡವಾದಲ್ಲಿ.

"ಇವತ್ತ ಬರಾಕ ಆಗೂದಿಲ್ಲರಿ ಮಾಮಾ. ಗಾಡಿ ಪ್ಲಗ್ ತಗದೇವ್ರಿ."

"ಯಾಕಪಾ?"

"ಒಲಿ ಹಚ್ಚಾಕರಿ. ಬೆಂಕಿಪೆಟ್ಟಿಗಿ ತರೂದ ಮರತೇವಿ."



"ತಮ್ಮಾ," ಎಂದರು ಅವರು, "ಬೆಂಕಿಪೆಟ್ಟಿಗಿ ಮರತ ಬರಾಂವಗ ನಾ ಮಗಳನ್ನ ಕೊಟ್ರ, ಅಕಿನ್ನ ಎಲ್ಲಿ ಮರತ ಬರ್ತಿ?"

ಕಿತ್ತೂರಿನ ನ್ಯಾಯ

ಇದಾದ ಮೇಲೆ ಮಾಸ್ತರನಿಗೂ ಟೈರಿನವನಿಗೂ ಮಾತು ಬಿಟ್ಟುಹೋಯಿತು. ಪ್ಲಗ್ಗಿನ ಸಲುವಾಗಿ ಅಲ್ಲ. ನಾಲ್ಕನೇ ಭಾಗವನ್ನು ಆಟದ ಭಾಗವೆಂದು ಎಣಿಸಬೇಕೋ, ಅದನ್ನು ಹೊರಗಿಟ್ಟು ಮೂರೇ ಎನ್ನಬೇಕೋ ಎಂಬುದರ ಸಲುವಾಗಿ. ಹೆಂಡತಿ ಮಕ್ಕಳಿರುವ ಇಬ್ಬರು ಗಂಡಸರು! ಅವರನ್ನು ಕೂಡಿಸುತ್ತೇನೆಂದು ಬೀಜದಂಗಡಿಯವನು ಮಾಸ್ತರನ ಜೊತೆ ನನ್ನನ್ನೂ ಎಳೆದುಕೊಂಡು ಕಿತ್ತೂರಿಗೆ ಹೋದ. ಹೈವೇ ಬದಿಯ ಚಹಾದಂಗಡಿಯಲ್ಲಿ ಕೂತು ಮೂವರೂ ಕೂಗಾಡತೊಡಗಿದರು.

ಪಕ್ಕದ ಬೆಂಚಿನಲ್ಲಿ ತಲೆಗೆ ಪಟಗಾ ಸುತ್ತಿಕೊಂಡ ಹಿರಿಯರೊಬ್ಬರಿದ್ದರು. ಸುತ್ತಲಿನ ಊರುಗಳಲ್ಲಿ ಲಗ್ನ ಹೊಂದಿಸುವುದು, ಅಣ್ಣತಮ್ಮಂದಿರಿಗೆ ಆಸ್ತಿ ಭಾಗ ಮಾಡಿಕೊಡುವುದು ಅವರ ಉದ್ಯೋಗ. ಭಾಗ ಎಂಬ ಶಬ್ದ ಕಿವಿಗೆ ಬಿದ್ದರೆ ಅವರು ಸುಮ್ಮನೆ ಕೂಡುವವರೇ? ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು ನಡುವೆ ಬಂದು ಕೂತರು.

"ಒದರಬ್ಯಾಡ್ರಿ. ಒಬ್ಬೊಬ್ಬರ ಹೇಳ್ರಿ. ಒಟ್ಟ ಎಷ್ಟ ಭಾಗ?"

"ನಾಲ್ಕರಿ," ಎಂದ ಮಾಸ್ತರ.

"ಮೂರರಿ!" ಎಂದ ಟೈರಿನವನು.

"ನಿಂದೇನಪಾ?" ಎಂದು ಹಿರಿಯರು ಬೀಜದಂಗಡಿಯವನನ್ನು ಕೇಳಿದರು.

"ಮೊದಲಿನ ಮೂರೂ ನನ್ನ ಹಂತೇಕ ಅದಾವರಿ. ಜೀವಾ ಹೋದ್ರೂ ಬಿಡೂದಿಲ್ಲ. ಆ ನಾಲ್ಕನೇದು ಪುಕ್ಕಟ ಕೊಟ್ರೂ ನನಗ ಬ್ಯಾಡ."

"ನಿನಗ?"

"ಥೂ, ಬ್ಯಾಡರಿ," ಎಂದ ಮಾಸ್ತರ.

"ನಿನಗ?"

"ಅದರ ಹೆಸರ ತಗೀಬ್ಯಾಡ್ರಿ," ಎಂದ ಟೈರಿನವನು.

ಹಿರಿಯರು ಆಯುಷ್ಯದಲ್ಲಿ ಇಂಥ ಭಾಗದ ಜಗಳ ನೋಡಿರಲಿಲ್ಲ. ಮೂವರ ಮುಖವನ್ನೂ ಒಮ್ಮೆ ನೋಡಿ, ಹತ್ತಿರ ಸರಿದು ಮೆಲ್ಲಗೆ ಹೇಳಿದರು:

"ಹಂಗಾದ್ರ ಅದನ್ನ ನನ್ನ ಹೆಸರಿಗೆ ಬರದ ಕೊಡ್ರಿ. ಜಗಳಾ ಹರೀತು."

ರಾಮದುರ್ಗದ ಕನ್ಯೆ

ಅದು ಆಟ, ಆಸ್ತಿಯಲ್ಲ ಎಂದು ನಾನು ಆ ಹಿರಿಯರಿಗೆ ಅಂದೇ ಬಿಡಿಸಿ ಹೇಳಿದೆ. ಅವರು ಕಣ್ಣು ಮಿಟುಕಿಸಿದರು. "ಇದ್ದವ್ರೆಲ್ಲಾ ಇಲ್ಲ ಅಂತನ ಹೇಳ್ತಾರ" ಎಂದರು. ಮುಂದಿನ ವಾರ ಬೀಜದಂಗಡಿಯವನಿಗೆ ರಾಮದುರ್ಗದ ಒಂದು ಸಂಬಂಧ ತಂದರು. ಹುಡುಗ ಮೂರು ಭಾಗದ ಧಣಿ, ನಾಲ್ಕನೆಯದನ್ನು ಒದ್ದು ಬಂದ ದೊಡ್ಡ ಮನಸ್ಸಿನವನು ಎಂದು ಅಲ್ಲಿ ಹೇಳಿಬಂದಿದ್ದರು. ಹುಡುಗಿಯ ತಂದೆ ಸೀರೆ ವ್ಯಾಪಾರಿ, ಹುಡುಗಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಹುಡುಗನ ತಾಯಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾಸ್ತರನನ್ನೂ ಟೈರಿನವನನ್ನೂ ಕರೆಯಕೂಡದೆಂದು ಮಗನಿಂದ ಆಣೆ ಮಾಡಿಸಿದಳು. ಹಿರಿಯರೂ ನಾನೂ ಜೊತೆಗೆ ಹೊರಟೆವು. ಜೀಪಿನಲ್ಲಿ ದಾರಿಯುದ್ದಕ್ಕೂ ಅವಳದು ಒಂದೇ ಮಾತು, "ಬಾಯಿ ಬಿಚ್ಚಬ್ಯಾಡ. ಇದ ಕಡೇದ್ದು. ಇದೂ ತಪ್ಪಿದ್ರ ನಾ ಮತ್ತೊಬ್ಬರ ಮನಿ ಮೆಟ್ಟಲಾ ಹತ್ತೂದಿಲ್ಲ."

ಚಾಪೆ ಹಾಸಿ ಕೂಡಿಸಿದರು. ಉಪ್ಪಿಟ್ಟು ಶಿರಾ ಬಂತು. ಹುಡುಗಿಯ ತಂದೆ ಮಾತು ತೆಗೆದರು.

"ಹಿರ್ಯಾರ ಹೇಳಿದ್ರು, ಮೂರು ಭಾಗ ಅದಾವಂತ. ಎಲ್ಲೆಲ್ಲಿ ಬರ್ತಾವರಿ?"

ನಮ್ಮ ಸತ್ಯಹರಿಶ್ಚಂದ್ರ ತಾಯಿಯ ಕಡೆ ನೋಡದೆ ಹೇಳಿದ, "ಎಲ್ಲಾ ಕಂಪ್ಯೂಟರದಾಗ ಅದಾವರಿ."

"ಹೌದ ಬಿಡ್ರಿ," ಎಂದರು ಅವರು ತಲೆಯಾಡಿಸುತ್ತ. "ಈಗ ಹೊಲದ ಉತಾರ, ಪಹಣಿ ಎಲ್ಲಾ ಕಂಪ್ಯೂಟರದಾಗನ ಬಂದಾವ."

ಒಳಗಿನಿಂದ ನಗು ಕೇಳಿಸಿತು. ಚಹಾ ತಟ್ಟೆ ಹಿಡಿದುಕೊಂಡು ಹುಡುಗಿ ಹೊರಗೆ ಬಂದಳು. "ಅಪ್ಪಾ, ಇವರು ಹೇಳಾಕ ಹತ್ತಿದ್ದು ಹೊಲದ್ದಲ್ಲ, ಆಟದ್ದು. ಬಾಂಬ್ ಬಿದ್ದ ಮ್ಯಾಲಿಂದು. ನಾನೂ ಆಡೇನಿ."

ಮೂರು ಭಾಗದ ಆಸ್ತಿ ಒಂದೇ ಕ್ಷಣದಲ್ಲಿ ಮಾಯವಾಗಿತ್ತಲ್ಲ! ತಂದೆ ನಮ್ಮ ಹಿರಿಯರನ್ನು ದುರುಗುಟ್ಟಿ ನೋಡಿದರು. ಹಿರಿಯರು ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಹುಡುಕತೊಡಗಿದರು. ಆದರೆ ಆ ತಂದೆ ದೊಡ್ಡ ಮನುಷ್ಯ. "ಇರಲಿ, ಅಂಗಡಿ ಅಂತೂ ಖರೇ ಐತೆಲ್ಲ. ಹುಡುಗರು ಮಾತಾಡ್ಲಿ. ಅಕಿ ಹೂಂ ಅಂದ್ರ ನಂದೂ ಹೂಂ" ಎಂದರು. ತಾಯಿ ಎರಡೂ ಕೈ ಎತ್ತಿ ಮುಗಿದಳು. ಬೈಲಹೊಂಗಲ ತಾಲೂಕನ್ನೆಲ್ಲ ಸೋಸಿದರೂ ಸಿಗದ ಹುಡುಗಿ, ಇವನ ಹುಚ್ಚು ಅರ್ಥವಾಗುವ ಹುಡುಗಿ, ತಾನಾಗಿ ಬಂದು ಎದುರಿಗೆ ಕೂತಿದ್ದಳು. ಕತ್ತೆಗೂ ಒಂದು ಒಳ್ಳೆಯ ಕಾಲ ಬರುತ್ತದೆ ಎಂದು ನನಗೆ ನಿಜವಾಗಿ ಸಂತೋಷವಾಯಿತು.

"ನಿಮಗ ಯಾವ ಭಾಗ ಸೇರೇತ್ರಿ?" ಎಂದು ಅವಳು ಕೇಳಿದಳು.

"ಮೊದಲಿನ ಮೂರೂ ಸೇರ್ಯಾವರಿ."

"ನನಗ ನಾಲ್ಕನೇದ ಭಾಳ ಸೇರೇತಿ."

ಹೂಂ ಅನ್ನಬೇಕು. ಅಷ್ಟೇ. ಹೂಂ ಅಂದಿದ್ದರೆ ಮುಂದಿನ ತಿಂಗಳು ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿದ್ದವು. ತಾಯಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಅವನು ನೆಟ್ಟಗೆ ಕೂತ.

"ಅದನ್ನ ನಾ ಲೆಕ್ಕಕ್ಕ ಹಿಡಿಯೂದಿಲ್ಲರಿ. ಅದರಾಗ ಮಾತ ಸಪ್ಪಗ, ಕತಿ ಜಾಳ. ಕಡೀಕ ಊರ ಉಳಸೂದೈತಲ್ಲ, ಅದಂತೂ ಹುಡುಗರಾಟ."

"ಕಡೀಕ ಊರ ಉಳಸೂದು?" ಅವಳು ಹುಬ್ಬು ಗಂಟಿಕ್ಕಿದಳು. "ಊರು ಮೊದಲನ ಮುಳಗಿ ಹೋಗಿರತೈತೆಲ್ಲರಿ ಅದರಾಗ. ನೀವು ಎಲ್ಲೀತನಕ ಆಡೀರಿ?"

"ನಾನಾ? ಮುಟ್ಟಿಲ್ಲರಿ," ಎಂದ ಅವನು, ಎದೆ ಉಬ್ಬಿಸಿಕೊಂಡು. "ಅಂಥಾದ್ದನ್ನ ಯಾರಾರ ಮುಟ್ಟತಾರೇನ್ರಿ?"

ನನ್ನ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನನ್ನ ತಲೆ ತಿಂದದ್ದು, ಪ್ರಿಂಟರಿನ ಮೇಲೆ ಇಟ್ಟ ಕಪ್ಪುಗಳು, ಬಿಟ್ಟ ಮಾತು, ಮಾಡಿದ ಪಂಚಾಯಿತಿ, ಎಲ್ಲವೂ ಮುಟ್ಟಿಯೇ ಇರದ ಆಟದ ಸಲುವಾಗಿ! ಉಳಿದಿಬ್ಬರೂ ಅದನ್ನು ಆಡಿಲ್ಲವೆಂದು ಆಮೇಲೆ ತಿಳಿಯಿತು. ಆದರೂ ತಾಯಿಯ ಮುಖ ನೋಡಿ ನಾನು ಬಾಯಿ ಹಾಕಿದೆ. "ನಾಳೆನ ಆಡ್ತಾನವಾ. ನಾನ ಹಾಕಿ ಕೊಡ್ತೇನಿ."

"ನಾ ಯಾಕ ಆಡ್ಲಿ?" ಎಂದ ಅವನು.

ಹುಡುಗಿ ಸಿಟ್ಟಾಗಲಿಲ್ಲ. ಖಾಲಿಯಾದ ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಎದ್ದು, ತಂದೆಗೆ ಹೇಳಿದಳು:

"ಬ್ಯಾಡಪಾ. ಇವರು ಆಡದನ ಆಟಾ ಬೈತಾರ. ನಾಳೆ ಉಣ್ಣದನ ನನ್ನ ಅಡಗಿ ಬೈತಾರ."

ಹಿರಿಯರು ಪಟಗಾ ಸರಿಮಾಡಿಕೊಂಡರು. ಇನ್ನು ಈ ಸಂಬಂಧ ಉಳಿಸುವುದಾದರೆ ತಾಯಿಯೇ ಉಳಿಸಬೇಕು ಎಂದು ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಧಡಪಡಿಸಿ ಎದ್ದು, ಹುಡುಗಿಯ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದು ಮಗನ ಪರ ನಿಂತಳು.

"ಇಲ್ಲ ನನ್ನವ್ವಾ, ನನ್ನ ಮಗಾ ಹಂತಾಂವಲ್ಲ. ಅಡಗಿ ಪೂರಾ ಉಂಡು, ಕೈ ತೊಳಕೊಂಡ ಮ್ಯಾಲನ ಬೈತಾನ."