ಕಾಮಿಕ್ಸಿಗೆ ಪುರಾಣ ಹಚ್ಚಿದ ಕಾಕಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಹುಚ್ಚು ಕಾಮಿಕ್ಸನ್ನು ಕಾಕಾನ ಕೈಗೆ ಕೊಟ್ಟ ಮೂರ್ಖ ನಾನೇ. ಪುಸ್ತಕ ಎಲ್ಲರೂ ಓದುತ್ತಾರೆ. ಪುಸ್ತಕಕ್ಕೇ ಬೆವರು ಬರುವಂತೆ ಓದುವವರು ಇಡೀ ಕಮರಿಪೇಟೆಯಲ್ಲಿ ನಮ್ಮ ಕಾಕಾ ಒಬ್ಬರೇ!

ಕಥೆಯಾದರೂ ಎಂಥದ್ದು? ಫೈಟಿಂಗ್ ಸಿನಿಮಾಗಳನ್ನು ಅಣಕಿಸಲೆಂದೇ ಬರೆದದ್ದು. ಚಂದ್ರನೆಂದರೆ ಸರಕಾರ ತೂಗುಹಾಕಿದ ಬಲ್ಬು. ದೇಶದ ಎಮ್ಮೆಗಳೆಲ್ಲ ಗುಪ್ತಚರರು. ಈ ಸಂಚು ಬಯಲಿಗೆಳೆಯಲು ನಾಯಕ ಹೆಲಿಕಾಪ್ಟರಿನಿಂದ ಜಿಗಿದು, ನಡುಗಾಳಿಯಲ್ಲಿ ತಲೆ ಬಾಚಿಕೊಂಡು, ಆಮೇಲೆ ನೆಲಕ್ಕಿಳಿಯುತ್ತಾನೆ. ಶ್ರಾವಣದಲ್ಲಿ ಮಠದಾಗ ಪುರಾಣ ಹಚ್ಚುತ್ತಾರಲ್ಲ, ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು? ಕಾಕಾ ಥೇಟ್ ಹಾಗೇ ಮನೆಯ ಕಟ್ಟೆಯ ಮೇಲೆ ಕಾಮಿಕ್ಸಿಗೇ ಪುರಾಣ ಹಚ್ಚಿಬಿಟ್ಟರು!

"ಢಿಶುಂ!" ಎಂದು ಗುಡುಗುವುದು, ಆಮೇಲೆ ನನ್ನ ಕಡೆ ತಿರುಗುವುದು. "ಅರ್ಥ ಹೇಳೋ ಲೇ!"

"ಹೊಡದ್ರು ಅಂತ ಅರ್ಥರೀ."

"ಯಾರು, ಯಾರಿಗೆ, ಯಾಕ? ಬಿಡಿಸಿ ಹೇಳು. ಮಂದಿ ಕುಂತಾರ."

ಮಂದಿ ಖರೇನೇ ಕೂತಿರುತ್ತಿದ್ದರು. ಸತ್ತ ನಾಯಕ ಮತ್ತೆ ಎದ್ದು ಕೂತಾಗ ಓಣಿಯ ಅಜ್ಜಿಯೊಬ್ಬಳು ಪುಸ್ತಕಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಮರುದಿನದಿಂದ ತನ್ನ ಎಮ್ಮೆಯ ಮುಂದೆ ಸೊಸೆಯ ಚಾಡಿ ಹೇಳುವುದನ್ನೇ ಬಿಟ್ಟಳು!

ನಾನೋ, ಕಾಕಾನ ಗುಡುಗನ್ನು ಕಲಿತುಬಿಟ್ಟೆ. "ನಾಕು ಚಹಾ ಕಳಸೋ!" ಎಂದು ಅವರ ದನಿಯಲ್ಲಿ ಎದುರಿನ ಅಂಗಡಿಗೆ ಕೂಗಿ, ನಾಲ್ಕನ್ನೂ ನಾನೇ ಕುಡಿದದ್ದುಂಟು.

ಕಥೆಯ ಕಡೆಯ ಭಾಗ ಉಳಿದಿರುವಾಗ ಕಾಕಾನ ಗಂಟಲಲ್ಲಿ ಗಂಟು ಕಾಣಿಸಿತು. ಸತ್ತೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಆಪರೇಷನ್ ಆಗಬೇಕೆಂದರು. "ಜೀವಕ್ಕ ಭಯ ಇಲ್ಲರಿ. ದನಿದು ಮಾತ್ರ ಹೇಳಾಕಾಗಂಗಿಲ್ಲ," ಅಂದರು ಡಾಕ್ಟರು.

"ಪುರಾಣ ಇನ್ನೂ ಮುಗದಿಲ್ಲಲ್ರಿ," ಅಂದರು ಕಾಕಾ.

ಯಾವ ಪುರಾಣವೆಂದು ಡಾಕ್ಟರು ಭಕ್ತಿಯಿಂದ ಕೇಳಿದರು. ಕಾಕಾ ಎಮ್ಮೆಗಳ ಸಂಚು ವಿವರಿಸತೊಡಗಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ನಗು ತಡೆಯಲೆಂದು ನೀವು ತಿಳಿದುಕೊಂಡರೆ ಛಲೋ.

ಕಾಕಾ ಮನೆಗೆ ಬಂದರು, ಗುಡುಗು ಬರಲಿಲ್ಲ. ಗಾಯ ಮಾಯ್ದ ಮೇಲೆ ಮತ್ತೆ ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ "ಢಿಶುಂ" ಅಂದರು. ಬೀಸಣಿಕೆ ಬೀಸಿದಷ್ಟು ಸದ್ದು. ಮಂದಿ ಮುಖ ಮುಖ ನೋಡಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಪುಸ್ತಕ ಇಲ್ಲಿ ಕೊಡ್ರಿ ಕಾಕಾ," ಎಂದು ಅವರದೇ ಗುಡುಗು ತೆಗೆದೆ. "ನಿಮ್ಮ ದನಿ ನನ್ನ ಹತ್ರ ಐತಿ, ನಾ ಓದ್ತೇನಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ, ನಮ್ಮ ಕಾಕು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕಾಕಾನ ಮಗ್ಗುಲಿಗೆ ಅಂಟಿ ಕೂತಳು.

"ನಿನ್ನ ಹತ್ರ ಇರೂದು ಅವರ ಗದ್ದಲ ಅಷ್ಟ. ಸುಮ್ಕ ಹತ್ರ ಸರದು ಕೂಡು, ಕೇಳಸ್ತೈತಿ."