ಅಕ್ಕನ ಅರ್ಧ ಕುಬಸ

ನಮ್ಮ ಅಕ್ಕನಿಗೆ ಒಂದು ಕೆಲಸ ಹೇಳುವವರು, ಅದನ್ನು ಮರುದಿನ ತಾವೇ ಮಾಡಿಕೊಳ್ಳುವ ತಯಾರಿಯಲ್ಲಿಯೇ ಹೇಳಬೇಕು! ಉಮದಿಯಲ್ಲಿ ನಾವಿಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತೇವೆ. ಅವಳು ಕತ್ತರಿಸಿ ಹೊಲಿಯುತ್ತಾಳೆ. ನಾನು ಹುಕ್ಕು ಹಚ್ಚುತ್ತೇನೆ, ಗಿರಾಕಿಗಳ ಬೈಗುಳ ತಿನ್ನುತ್ತೇನೆ. ಹದಿನಾರು ವರ್ಷ ತಿಂದು ಸಾಕಾಗಿದೆ.

ಒಮ್ಮೆ ಹುಕ್ಕು ತರಲು ಹೋದವಳು ಎರಡು ತಾಸಿನ ಮೇಲೆ ಬದನೆಕಾಯಿ ಹಿಡಿದು ಬಂದಳು.

"ಹುಕ್ಕು ಎಲ್ಲಿ ಅವ ಅಕ್ಕಾ?"

"ಅಯ್ಯ, ಹಾದ್ಯಾಗ ಬಳಿಗಾರ ಚಾಚಾ ಸಿಕ್ಕ. ಅವನ ಪೆಟಗಿ ಪೂರಾ ಹೊಂದಿಸಿ ಕೊಟ್ಟೆ ನೋಡು, ಭಾಳ ಚಲೋ ಕಾಣತದ!"

ಬದನೆಕಾಯಿ ಯಾಕೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

"ಆಳಸಿ, ಮತ್ತೇನು" ಅನ್ನುತ್ತಾರೆ ಊರವರು. "ಮೊಬೈಲ್ ಕಸಗೋರಿ, ನೆಟ್ಟಗಾಗ್ತಾಳ" ಎಂಬುದು ಇನ್ನೊಬ್ಬರ ಔಷಧ. ಅದು ಎಲ್ಲಿದೆಯೆಂದು ಅವಳಿಗೇ ಗೊತ್ತಿದ್ದರೆ ತಾನೆ ಕಸಿದುಕೊಳ್ಳುವುದು? "ಇಡೀ ದಿನ ಕುಂತಲ್ಲಿಂದ ಏಳದ ಕೌದಿ ಹೊಲೀತಾಳ, ಆಕಿಗೇನು ಧಾಡಿ?" ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಮಾತ್ರ ನಾನೇ.

ಈ ವರ್ಷ ಅವಳ ಮಗಳು ಏಳು ತಿಂಗಳ ಬಸುರಿ. ನಮ್ಮಲ್ಲಿ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಕುಬಸ, ಅಂದರೆ ರವಿಕೆ, ತೊಡಿಸಬೇಕು. ಅಕ್ಕ ಆ ವಾರ ಊರವರ ಮೂರು ಹಸಿರು ಕುಬಸ ಹೊಲಿದು ಕೊಟ್ಟಳು. ಸೊರಡಿಯ ಬೀಗರ ಮನೆಯಲ್ಲಿ ಹೆಂಗಸರೆಲ್ಲ ಆರತಿ ಹಿಡಿದು ನಿಂತಾಗ ಚೀಲ ಬಿಚ್ಚಿದರೆ, ಮಗಳ ಕುಬಸದ ಬರೇ ಎರಡು ತೋಳು! ಉಳಿದ ಬಟ್ಟೆ ಅಂಗಡಿಯಲ್ಲೇ ಬಿದ್ದಿತ್ತು.

"ತೋಳಷ್ಟ ತೊಡಸೂನೇನ್ರಿ?" ಎಂದರು ಬೀಗತಿ. ಎಲ್ಲರೂ ನಕ್ಕರು. ಮಗಳು ನಗಲಿಲ್ಲ.

"ಊರ ಮಂದೀದೆಲ್ಲಾ ನೆನಪಿರತದ, ನಂದಷ್ಟ ಇರೂದಿಲ್ಲ. ನಿನಗ ನನ್ನ ಮ್ಯಾಲ ಮಾಯಾ-ಪ್ರೀತಿ ಏನೂ ಇಲ್ಲ, ಯವ್ವಾ."

ಅವತ್ತಿನಿಂದ ಅವಳು ತಾಯಿಯ ಫೋನು ಎತ್ತಿಲ್ಲ. ಹೆರಿಗೆಗೂ ತವರಿಗೆ ಬರುವುದಿಲ್ಲವಂತೆ.

ಬೇಸತ್ತು ನಾನೇ ಅಕ್ಕನನ್ನು ವಿಜಯಪುರಕ್ಕೆ, ಮನಸ್ಸಿನ ಡಾಕ್ಟರರ ಬಳಿ ಕರೆದೊಯ್ದೆ. ಅವರು ಬಹಳ ಹೊತ್ತು ಕೇಳಿ, ಇದು ಗಮನ ಹಿಡಿತಕ್ಕೆ ಸಿಗದ ತೊಂದರೆ, ಎಡಿಎಚ್‌ಡಿ ಎಂದರು.

"ಅದು ಜಿಗದಾಡೂ ಹುಡುಗೂರಿಗೆ ಬರೂದಲ್ರೀ? ಆಕಿಗೆ ನಲವತ್ತೇಳು!" ಎಂದೆ.

"ಸಣ್ಣಾಕಿ ಇದ್ದಾಗಿಂದ ಅದರಿ, ಯಾರೂ ಗುರುತಿಸಿಲ್ಲ. ಇದು ಆಳಸ್ತನ ಅಲ್ಲ. ಒಂದರಾಗ ಮುಳಗಿ ಕುಂದ್ರೂದೂ ಇದರಾಗ ಬರತದ, ಇನ್ನೊಂದು ಮರಿಯೂದೂ ಬರತದ."

ನನ್ನ ಕೌದಿಯ ವಾದ ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಬರುವಾಗ ಬಸ್ಸು ಉಮದಿ ಹತ್ತಿರ ಬಂದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ, ಡಾಕ್ಟರರ ಚೀಟಿ ನನ್ನ ಕೈಗಿಟ್ಟಳು. ಅವಳಿಗೆ ಇಂಗ್ಲಿಷ್ ಬಾರದು.

"ಮಗಳ ಮ್ಯಾಲ ಮಾಯಾ ಇಲ್ಲಂತ ಇದರಾಗ ಏನರೆ ಬರದಾರೇನು, ನೋಡವಾ."

"ಇಲ್ಲ ಅಕ್ಕಾ."

"ಚಂದಂಗ ನೋಡು. ಹಿಂದನೂ ನೋಡು."

ಹಿಂದೆ ಖಾಲಿ ಇತ್ತು. ಆದರೂ ತಿರುವಿ, ಮೇಲಿನಿಂದ ಕೆಳಗಿನವರೆಗೂ ನೋಡಿದೆ. "ಇಲ್ಲವಾ, ಎಲ್ಲೂ ಬರದಿಲ್ಲ" ಎನ್ನುವಷ್ಟರಲ್ಲಿ ನನಗೇ ಅಳು ಬಂತು.